ಕೇರಿ ಬಾವಿಯ ವಾಸನೆ

ಮುನವಳ್ಳಿ ಸುತ್ತಿನ ಹತ್ತಾರು ಹಳ್ಳಿಗಳಲ್ಲಿ ಲಗಮಪ್ಪ ಬಾವಿ ತೋಡಿಕೊಟ್ಟಿದ್ದ. ನೀರು ಕಂಡ ಮರುದಿನದಿಂದ ಅವನ್ನು ಅವನು ಮುಟ್ಟುವಂತಿರಲಿಲ್ಲ. ಕೊನೆಗೆ ತನ್ನ ಕೇರಿಗೂ ಒಂದು ತೋಡಿದ. ಹೆಂಡತಿ ರಾಯವ್ವ ಮಣ್ಣು ಹೊತ್ತಳು. ಊರ ಬಾವಿಯ ಬಳಿ ಕೊಡ ಇಟ್ಟು, ಯಾರಾದರೂ ಸುರಿದಾರೆಯೇ ಎಂದು ಕೇರಿಯ ಹೆಂಗಸರು ಕಾಯುವುದು ಅಂದಿಗೆ ತಪ್ಪಿತು.

ಎಪ್ಪತ್ತಾರರ ಬೇಸಿಗೆಯಲ್ಲಿ ಆ ನೀರು ಎಣ್ಣೆಯಂತೆ ನಾರತೊಡಗಿತು. ಕಾಲುವೆ ಕೆಲಸಕ್ಕೆ ಬಂದಿದ್ದ ಗುತ್ತಿಗೆದಾರನೊಬ್ಬ ಕೇರಿಯ ಮೇಲ್ಗಡೆ ಡೀಸೆಲ್ ಟಾಕಿ ಹೂತಿದ್ದ. ಹೋಗುವಾಗ ಯಂತ್ರಗಳನ್ನು ಒಯ್ದ, ಎಣ್ಣೆ ಉಳಿದಿದ್ದ, ತುಕ್ಕು ಹಿಡಿದ ಟಾಕಿಯನ್ನು ಅಲ್ಲೇ ಬಿಟ್ಟ.

ಬಾವಿ ಕೆಟ್ಟರೆ ತಳ ಕಾಣುವವರೆಗೆ ಎತ್ತಿ ಚೆಲ್ಲಿ, ಹೊಸ ಸೆಲೆಗೆ ದಾರಿ ಮಾಡುವುದು ಲಗಮಪ್ಪನ ಕಸುಬಿನ ಪದ್ಧತಿ. ಹೆಣ ಬಿದ್ದ ಬಾವಿಯನ್ನೂ ಹಾಗೆಯೇ ತಿಳಿ ಮಾಡಿದವನು. ಅವನ ಮಾತು ನಂಬಿ ಕೇರಿಯವರು ಎಂಟು ದಿನ ಎತ್ತಿದರು, ಹೊಸ ನೀರೆಂದು ಕುಡಿದರು. ಮಕ್ಕಳು ಕಾರಿಕೊಂಡವು. ಲಗಮಪ್ಪನ ಮಗಳು ಬಾಯವ್ವನ ಕೂಸು ಉಳಿಯಲಿಲ್ಲ.

ಒಂಬತ್ತನೆಯ ದಿನ ಲಗಮಪ್ಪ ಹಗ್ಗ ಹಿಡಿದು ಇಳಿದ. ಮೇಲ್ಗಡೆಯ ಗರಸು ಮಣ್ಣಿನ ಪದರದಿಂದ ಎಣ್ಣೆ ಸಣ್ಣಗೆ ಜಿನುಗುತ್ತಿತ್ತು. ತಲೆ ಸುತ್ತಿ ಮೇಲೆ ಬಂದು ಕೂತವನಿಗೆ ಹೊಳೆಯಿತು: ನೀರು ಎಳೆದಷ್ಟೂ ದೂರದ ಎಣ್ಣೆಯನ್ನು ತಾನೇ ಕೈಹಿಡಿದು ಕರೆತಂದಿದ್ದ.

ಎತ್ತುವುದನ್ನು ನಿಲ್ಲಿಸಿದ. ಹೆಂಗಸರು ಮತ್ತೆ ಊರ ಬಾವಿಯ ಬಳಿ ಕಾಯತೊಡಗಿದರು. ಅದನ್ನು ಎರಡು ದಿನ ನೋಡಿ, ಮೂರನೆಯ ದಿನ ಚಾವಡಿಯಲ್ಲಿ ಒಂದು ಮಾತು ಬಿಟ್ಟು ಬಂದ. ಕೇರಿಯಲ್ಲಿ ಎತ್ತುವುದು ನಿಂತರೆ ಎಣ್ಣೆ ಇಳಿಜಾರು ಹಿಡಿಯುತ್ತದೆ. ಇಳಿಜಾರಿನಲ್ಲಿ ಊರ ಬಾವಿ, ಅದರ ಕೆಳಗೆ ಊರ ಹಿರಿಯ ರಘೋತ್ತಮರಾಯರ ಮನೆಯ ಬಾವಿ.

ಮರುದಿನ ಬೆಳಿಗ್ಗೆ ರಾಯರೇ ಬಂದು ದೂರ ನಿಂತರು.

“ನನ್ನ ಎಂಜಿನ್ ಕಳಸ್ತೀನಿ, ಲಗಮಪ್ಪಾ. ದಿನಾ ಎತ್ತಿ ಹಳ್ಳಕ್ಕ ಚೆಲ್ಲು.”

“ಚೆಲ್ಲತೇನ್ರಿ. ನಾವು ಏನ್ ಕುಡಿಯೂದ್ರಿ ರಾಯರ?”

“ನಮ್ಮ ಮಂದಿ ಸುರೀತಾರ.”

“ಸುರಿಯೂದು ಬ್ಯಾಡ್ರಿ. ನಮ್ಮ ಹೆಣ್ಮಕ್ಕಳು ಊರ ಬಾವ್ಯಾಗ ತಮ್ಮ ಹಗ್ಗ ಬಿಟ್ಟು ತಾವ ಸೇದ್ಲಿ. ಇಲ್ಲಂದ್ರ ನಿಮ್ಮ ಎಂಜಿನ್ ನಿಮ್ಮ ಮನ್ಯಾಗ ಇರ್ಲಿ.”

ರಾಯರು ತಮ್ಮ ಮನೆಯ ಕಡೆ ನೋಡಿದರು.

“ವಾಸನಿ ಹೋಗೂತನಕಾ,” ಅಂದರು. “ಆಮ್ಯಾಲ ನಿಮ್ಮ ಬಾವಿ ನಿಮಗ.”

ಬಾಯವ್ವ ಮೊದಲ ಹಗ್ಗ ಬಿಟ್ಟಳು. ಊರವರು ಬೈದರು, ಉಗುಳಿದರು, ಕೊಡಕ್ಕೆ ಕಲ್ಲೆಸೆದರು. ವರ್ಷದ ಮೇಲೆ ಅದೂ ಕಡಿಮೆಯಾಯಿತು. ಕೇರಿ ಬಾವಿಯಲ್ಲಿ ಎಂಜಿನ್ ಬಡಿದುಕೊಳ್ಳುತ್ತಲೇ ಇತ್ತು. ಟಾಕಿ ಬರಿದಾಗಿರಬೇಕು, ಒಂದೊಂದು ಮಳೆಗಾಲಕ್ಕೂ ನೀರಿನ ಮೇಲಿನ ಬಣ್ಣದ ಪೊರೆ ತೆಳುವಾಗುತ್ತ ಬಂತು.

ಎಪ್ಪತ್ತೊಂಬತ್ತರ ಬೇಸಿಗೆಯ ಒಂದು ಮುಂಜಾನೆ ಲಗಮಪ್ಪ ತಂಬಿಗೆಯಲ್ಲಿ ನೀರು ಹಿಡಿದು ಮೂಸಿದ. ಕಲ್ಲಿನ ವಾಸನೆಯಷ್ಟೇ. ರಾಯವ್ವನಿಗೆ ಕೊಟ್ಟ. ಅವಳು ಮೂಸಿ ಗಂಡನ ಮುಖ ನೋಡಿದಳು.

ಅಷ್ಟರಲ್ಲಿ ರಾಯರು ಬಂದು, ಎಂದಿನಂತೆ ದೂರ ನಿಂತು, ವಾಸನೆ ಹೇಗಿದೆ ಎಂದು ಕೇಳಿದರು.

ಲಗಮಪ್ಪ ತಂಬಿಗೆಯನ್ನು ಅವರತ್ತ ಚಾಚಿದ. “ನೀವ ಮೂಸಿ ನೋಡ್ರಿ.”

ಕೇರಿಯ ತಂಬಿಗೆ. ರಾಯರು ಎರಡು ಹೆಜ್ಜೆ ಹಿಂದೆ ಸರಿದು ಪಂಚೆ ಎತ್ತಿಕೊಂಡರು. “ನೀ ಹೇಳು ಸಾಕು. ಐತೇನು ಇನ್ನೂ?”

“ಐತ್ರಿ,” ಅಂದ ಲಗಮಪ್ಪ.

ಅವರು ಹೋದ ಮೇಲೆ ಎಂಜಿನ್ ಹಚ್ಚಿದ. ಬಿರಿದ ಹಳ್ಳಕ್ಕೆ ಒಳ್ಳೆಯ ನೀರು ಧಾರಾಳವಾಗಿ ಬೀಳತೊಡಗಿತು. ರಾಯವ್ವ ಅತ್ತ ನೋಡಲಾರದೆ ಮುಖ ತಿರುಗಿಸಿ, ಹಗ್ಗ ಹೆಗಲಿಗೆ ಹಾಕಿಕೊಂಡು ಊರ ಬಾವಿಗೆ ನಡೆದಳು.