ದುರಗಮ್ಮನ ಎಂಜಲ

ಕೊರೊನಾದಾಗ ನಮ್ಮ ಚರ್ಚಿಗಿ ಸಣ್ಣ ಸಣ್ಣ ಪ್ಲಾಸ್ಟಿಕ್ ಕಪ್ಪು ಬಂದ್ವು. ಅದಕ್ಕ ಮದಲ ಕರ್ತನ ಭೋಜನದ ದಿನ ಎಲ್ಲಾರೂ ಒಂದೇ ಬೆಳ್ಳಿ ಬಟ್ಟಲಕ್ಕ ಬಾಯಿ ಹಚ್ಚಿ ದ್ರಾಕ್ಷಾರಸ ಕುಡೀತಿದ್ವಿ. ಬ್ಯಾನಿ ಹೋದ ಮ್ಯಾಲ ಬಟ್ಟಲ ತಿರುಗಿ ಬಂದಿತ್ತು. ಹೋದ ವರ್ಷ ಕೆಳಗಿನ ಓಣಿ ದುರಗಮ್ಮ ದೀಕ್ಷಾಸ್ನಾನ ತಗೊಂಡ್ಳು ನೋಡ್ರಿ, ಅದೇ ತಿಂಗಳು ನನ್ನ ಗಂಡ ಯಾದಗಿರಿಗಿ ಹೋಗಿ ಮತ್ತ ಕಪ್ಪು ತಂದ. ಯಾಕ ಅಂತ ಕೇಳಿದ್ರ ಸ್ವಚ್ಛತಾ ಅಂದ. ಅಂವ ದೇವಪುತ್ರಪ್ಪ, ಸಭಾದ ಹಿರಿಯ. ನಾ ತಿಮ್ಮವ್ವ, ಬಟ್ಟಲ ತೊಳ್ಯಾಕಿ. ಇವರ ಸ್ವಚ್ಛತಾ ನನಗ ಗೊತ್ತಿಲ್ಲೇನು?

ದುರಗಮ್ಮನವರು ಚಪ್ಪಲಿ ಹೊಲಿಯೋ ಮಂದಿ. ನಾವೇನು ಭಾರಿ ದೊಡ್ಡವರು? ಊರ ಹೋಟೆಲಿನ್ಯಾಗ ನಮ್ಮಪ್ಪಗ ಚಹಾದ ಗಿಲಾಸು ಹೊರಗ ಬ್ಯಾರೆ ಇಡ್ತಿದ್ರು. ಅದನ್ನ ಒದ್ದು ಬಂದು ಯೇಸುವಿನ ಮಂದಿ ಆದವರು ನಾವು. ಈಗ ನಾವೇ ಬ್ಯಾರೆ ಕಪ್ಪು ಇಡಾಕತ್ತೀವಿ. ಥೂ, ನಾಚಿಕಿ ಬರಬೇಕು.

ಮೊನ್ನಿ ಶನಿವಾರ ದುರಗಮ್ಮ ನನ್ನ ಹತ್ರ ಬಂದು, ಅಕ್ಕಾ, ನನ್ನ ಬಾಯಿಗಿ ಹೇಸೋ ಮಂದಿ ಕೂಡ ಕುಂತು ಪ್ರಾರ್ಥನಾ ಮಾಡಾಕ ಆಗಂಗಿಲ್ಲ, ಇನ್ನ ಬರಂಗಿಲ್ಲ ಅಂದ್ಳು. ಒಂದ ಆಯ್ತಾರ ತಡಿ ಅಂದೆ. ಮರುದಿನ ಮುಂಜಾನೆ ಕಪ್ಪೆಲ್ಲಾ ತಿಪ್ಪಿಗಿ ಚೆಲ್ಲಿ, ಬಟ್ಟಲ ತಿಕ್ಕಿ ಮೇಜಿನ ಮ್ಯಾಲ ಇಟ್ಟೆ.

ಪಾಸ್ಟರು ಬಟ್ಟಲ ಕೈಯಾಗ ಹಿಡಕೊಂಡು ನನ್ನ ಗಂಡನ ಮಾರಿ ನೋಡಿದ್ರು. ಕಪ್ಪು ಎಲ್ಲ್ಯಾವ ಅಂತ ಅಂವ ಹಲ್ಲು ಕಡದ. ತಿಪ್ಪ್ಯಾಗ ಅದಾವ, ಬೇಕಾದ್ರ ಆರಿಸ್ಕೊಂಡು ಬರ್ರಿ ಅಂದೆ. ದುರಗಮ್ಮ ಎದ್ದು, ಜಗಳ ಬ್ಯಾಡ, ನಾ ಕಡೀಕ ಕುಡೀತೀನಿ ಅಂದ್ಳು.

"ಕಡೀಕ ಯಾಕ? ಮದಲ ನೀ ಕುಡಿ," ಅಂದು ಪಾಸ್ಟರ ಕೈಯಿಂದ ಬಟ್ಟಲ ಇಸ್ಕೊಂಡು ಅಕಿ ಕೈಗಿ ಕೊಟ್ಟೆ. ಕಣ್ಣಾಗ ನೀರು ಇಟ್ಕೊಂಡೇ ಕುಡದ್ಳು. ಅಕಿ ಬಾಯಿ ಹಚ್ಚಿದ ಜಾಗಕ್ಕೇ ಬಾಯಿ ಹಚ್ಚಿ ನಾ ಕುಡದೆ. ಒರಸಲಿಲ್ಲ. ಆಮ್ಯಾಲ ಗಂಡನ ಮುಂದ ಹೋಗಿ ನಿಂತೆ. ಅಂಜಿಕಿ ಇತ್ತು, ಸುಳ್ಳು ಯಾಕ ಹೇಳಲಿ, ಆದ್ರೂ ಬಟ್ಟಲ ಮುಂದ ಚಾಚಿದೆ.

"ಕುಡೀರಿ. ಕುಡ್ಯಂಗಿಲ್ಲ ಅಂದ್ರ ಇವತ್ತಿಂದ ನಾನೂ ಕೆಳಗಿನ ಓಣಿಯಾಕಿನೇ."

ಅಂವ ಬಟ್ಟಲ ಮುಟ್ಟಲಿಲ್ಲ. ಎದ್ದು ಹೊರಗ ನಡದ. ಅವನ ಬೆನ್ನ ಹಿಂದ ಐದು ಮನಿಯವರು ಹೋದ್ರು. ಹೋಗಲಿ ಬಿಡ್ರಿ. ಪಾಸ್ಟರು ಕೈ ಚಾಚಿ ಬಟ್ಟಲ ಇಸ್ಕೊಂಡು ಕುಡದ್ರು. ಉಳದ ಒಂಬತ್ತು ಮಂದಿ ಸಾಲಾಗಿ ಬಂದು ಕುಡದ್ರು.

ಮನಿಗಿ ಬಂದ್ರ ಗಂಡ ಹಸದು ಕುಂತಿದ್ದ. ಒಲಿ ಹಚ್ಚು ಅಂದ. ಜ್ವಾಳದ ಹಿಟ್ಟಿನ ಡಬ್ಬಿ ತಂದು ಅವನ ಮುಂದ ಇಟ್ಟೆ.

"ನಿಮ್ಮ ರೊಟ್ಟಿ ನೀವೇ ಬಡ್ಕೊರಿ. ನನ್ನ ಕೈ ಎಂಜಲಾಗ್ಯಾವ."

ಸೆರಗು ಹೊದ್ದು ದುರಗಮ್ಮನ ಮನಿಗಿ ಉಣ್ಣಾಕ ಹೋದೆ.