ಮಖಮಲ್ಲಿನ ಮೇಲೆ ಬಂದ ಕಲ್ಲು

ನನ್ನ ಅತ್ತೆ ನನ್ನನ್ನು ಸೊಸೆಯಾಗಿ ಆರಿಸಿಕೊಂಡದ್ದು ತಕ್ಕಡಿಯ ಮುಂದೆ. ಗಾಜಿನ ಗೂಡಿನೊಳಗೆ ಕೂತಿರುವ, ಒಂದು ಕೂದಲನ್ನೂ ತೂಗಬಲ್ಲ ತಕ್ಕಡಿ ಅದು. ಉಸಿರು ತಾಗಿದರೂ ಅಂಕೆ ಓಡಾಡುತ್ತದೆ. ನಾನು ಅದಿರು ಪರೀಕ್ಷಾಲಯಕ್ಕೆ ಸೇರಿದ ಮೂರನೆಯ ದಿನ, ಅಂಕೆ ನಿಲ್ಲುವವರೆಗೂ ಉಸಿರು ಬಿಗಿಹಿಡಿದು ಕಾದು, ನಿಂತ ಮೇಲೂ ಇನ್ನೊಮ್ಮೆ ನೋಡಿ ಬರೆದುಕೊಂಡೆನಂತೆ. ಬಾಗಿಲಲ್ಲಿ ನಿಂತು ನೋಡಿದ ಈಕೆ ಮನೆಗೆ ಹೋಗಿ ಮಗನಿಗೆ, "ನಿನಗೊಂದು ಹುಡುಗಿ ಸಿಕ್ಕಿದಾಳೆ ಕಣೋ, ಅವಸರ ಇಲ್ಲದವಳು" ಎಂದರಂತೆ. ನೋಡೋಕೆ ಹೇಗಿದ್ದಾಳೆ ಎಂದು ಮಗ ಕೇಳಿದ್ದಕ್ಕೆ, "ಅದನ್ನ ಗಮನಿಸಲಿಲ್ಲ" ಎಂದರಂತೆ. ಹನ್ನೆರಡು ವರ್ಷವಾಯಿತು. ಈ ಮಾತನ್ನು ನಾನು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ.

ಪರೀಕ್ಷಾಲಯದಲ್ಲಿ ಕಲ್ಲು ಅವರದು, ದ್ರಾವಣ ನನ್ನದು. ಬಂದ ಅದಿರನ್ನು ಒಡೆದು, ಅರೆದು, ಜರಡಿ ಹಿಡಿದು ನನ್ನ ಮೇಜಿಗೆ ಕಳಿಸುವುದು ಅತ್ತೆಯ ಕೋಣೆ. ಅದನ್ನು ಆಮ್ಲದಲ್ಲಿ ಕರಗಿಸಿ, ಅದರಲ್ಲಿ ಲೋಹ ಎಷ್ಟಿದೆಯೆಂದು ಕಂಡುಹಿಡಿದು ಸಹಿ ಹಾಕುವುದು ನಾನು. ಮೂವತ್ತೊಂದು ವರ್ಷದಿಂದ ಆ ಕೋಣೆಯಲ್ಲಿ ಕೂದಲೆಲ್ಲ ಕೆಂಧೂಳು ಮಾಡಿಕೊಂಡಿರುವ ಆಕೆಗೆ ಒಂದೇ ನಿಯಮ. ಕಿಟಕಿಯಿಂದ 'ಮಾದರಿ' ಎಂಬ ಚೀಟಿ ಅಂಟಿಸಿಕೊಂಡು ಏನು ಬಂದರೂ ಅದು ಯಾರದು ಎಂದು ಕೇಳುವ ಹಾಗಿಲ್ಲ, ನೇರವಾಗಿ ಕ್ರಷರ್ ಬಾಯಿಗೆ.

ಆ ವಾರ ನಮ್ಮ ಪರೀಕ್ಷಾಲಯದ ಹಣೆಬರಹ ಬರೆಯುವ ವಾರ. ನಮ್ಮ ನೆಲದಲ್ಲಿ ಕಬ್ಬಿಣದ ಅದಿರು ಬೇಕಾದಷ್ಟಿದೆ. ಎರಡು ಸಮುದ್ರ ದಾಟಿದರೆ ಸಿಗುವ ಇನ್ನೊಂದು ಖಂಡದ ಒಂದು ನಾಡಿನಲ್ಲಿ ಮ್ಯಾಂಗನೀಸ್ ಹಾಗೇ ಬಿದ್ದಿದೆ. ಎರಡೂ ಕೂಡಿದರೆ ಗಟ್ಟಿ ಉಕ್ಕು. ಆದರೆ ಇಷ್ಟು ವರ್ಷ ನಾವೂ ಅವರೂ ನಮ್ಮ ನಮ್ಮ ಅದಿರನ್ನು ಮೂರನೆಯವರೊಬ್ಬರಿಗೆ ಮಾರುತ್ತಿದ್ದೆವು. ಅದರಲ್ಲಿ ಲೋಹ ಎಷ್ಟಿದೆ ಎಂದು ಹೇಳುತ್ತಿದ್ದವರೂ ಆ ಮೂರನೆಯವರೇ. ಈಗ ಎರಡು ನಾಡುಗಳೂ ನೇರವಾಗಿ ಬೀಗತನ ಬೆಳೆಸಲು ಹೊರಟಿದ್ದವು. ಒಪ್ಪಂದದ ಎಂಟು ಕಲಮುಗಳು ಹೂವೆತ್ತಿದಷ್ಟು ಸಲೀಸಾಗಿ ಮುಗಿದು, ಒಂಬತ್ತನೆಯದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದಿರಿನ ಗುಣಕ್ಕೆ ಯಾರ ಪರೀಕ್ಷೆಯನ್ನು ನಂಬಬೇಕು? ನಮ್ಮದನ್ನು ಅವರು ನಂಬುತ್ತಿಲ್ಲ, ಅವರದನ್ನು ನಾವು ನಂಬುತ್ತಿಲ್ಲ. ಜಗಳ ಬಗೆಹರಿಯದಿದ್ದರೆ ಮತ್ತೆ ಮೂರನೆಯವರ ಕೈಗೇ ಕೊಡುವುದು, ಹಾಗಾದರೆ ನಮ್ಮ ಪರೀಕ್ಷಾಲಯಕ್ಕೆ ಬೀಗ ಜಡಿಯುವುದು ಎಂದು ಮೇಲಿನಿಂದ ಪತ್ರ ಬಂದಿತ್ತು. ಹನ್ನೊಂದು ಜನ ನಾವು. ಒಂದೇ ಮನೆಯಿಂದ ಇಬ್ಬರು.

ಅತಿಥಿಗಳು ಸಹಿಗೆ ಮೊದಲು ಪರೀಕ್ಷಾಲಯವನ್ನು ಕಣ್ಣಾರೆ ನೋಡಲು ಬರುವವರಿದ್ದರು. ಮುಂದಿನ ಹಜಾರದಲ್ಲಿ ಹೊಸ ಗಾಜಿನ ಕಪಾಟು ಬಂತು. ಅದರೊಳಗೆ ಏನು ಇಡುತ್ತಾರೆಂದು ನಮಗೆ ಯಾರೂ ಹೇಳಲಿಲ್ಲ.

ಹೇಳಬೇಕಾದವನು ಇಸ್ತ್ರಿ. ಸಚಿವಾಲಯದ ಶಿಷ್ಟಾಚಾರ ಅಧಿಕಾರಿಗೆ ನಾವಿಟ್ಟ ಹೆಸರು ಅದು. ಕೂತರೆ ಪ್ಯಾಂಟಿನ ಗೆರೆ ಮುರಿಯುತ್ತದೆಂದು ಆತ ನಿಂತೇ ಚಹಾ ಕುಡಿಯುವ ಮನುಷ್ಯ. ಅತಿಥಿಗಳು ಬರುವ ಹಿಂದಿನ ದಿನ ಮಧ್ಯಾಹ್ನ ಆತ ಕೈ ಉಜ್ಜಿಕೊಳ್ಳುತ್ತ ಬಂದ.

"ಎಲ್ಲಿ ಮೇಡಂ, ಪೆಟ್ಟಿಗೆ?"

"ಯಾವ ಪೆಟ್ಟಿಗೆ?"

"ಬಂದರಿನಿಂದ ನಿನ್ನೆ ಬೆಳಗ್ಗೆ ಬಂದಿದೆಯಲ್ಲ, ಮರದ್ದು. ಒಳಗೆ ನೀಲಿ ಮಖಮಲ್. ಅವರ ಗಣಿಯಿಂದ ಮೊಟ್ಟಮೊದಲು ತೆಗೆದ ಕಲ್ಲು ಅದು. ಐವತ್ತು ವರ್ಷದಿಂದ ಅವರ ಸಂಸತ್ತಿನಲ್ಲಿ ಇತ್ತಂತೆ. ನಮಗೆ ಉಡುಗೊರೆ. ಕಪಾಟಿನಲ್ಲಿ ಇಡಬೇಕು."

ಆ ವಾರ ನನ್ನ ಮೇಜಿಗೆ ಬಂದಿದ್ದ ಕಪ್ಪು ಪುಡಿ ಒಂದೇ. ಆ ಕಲ್ಲು ಯಾವುದೆಂದು ನನಗೆ ತಟ್ಟನೆ ಹೊಳೆಯಿತು. ಅದರ ಒಂದು ಚಿಟಿಕೆ ಆ ಹೊತ್ತಿಗೆ ನನ್ನ ಬೀಕರಿನಲ್ಲಿ ಕರಗಿ ಕೂತಿತ್ತು.

ಇಬ್ಬರೂ ಅತ್ತೆಯ ಕೋಣೆಗೆ ಓಡಿದೆವು. ಆಕೆ ಜರಡಿ ತೊಳೆಯುತ್ತಿದ್ದರು.

"ಹೌದು, ಬಂತು. ಸುಂಕದವರ ಚೀಟಿ ಇತ್ತು, ಮಾದರಿ ಅಂತ. ಒಡೆದೆ."

"ಒಡೆದ್ರಾ!" ಇಸ್ತ್ರಿಯ ಧ್ವನಿ ಕೀರಲಾಯಿತು. "ಅಮ್ಮಾ, ಉಡುಗೊರೆ ಅಂತ ಬರೆದರೆ ಸುಂಕದವರು ಹತ್ತು ಫಾರಂ ಕೇಳ್ತಾರೆ, ಅದಕ್ಕೇ ಮಾದರಿ ಅಂತ ಬರೆಯೋದು! ಎಲ್ಲರೂ ಹಾಗೇ ಬರೆಯೋದು! ಮಖಮಲ್ ಮೇಲೆ ಇದ್ದ ಕಲ್ಲನ್ನ ನೋಡಿದರೆ ಗೊತ್ತಾಗಲ್ವಾ?"

"ಗೊತ್ತಾಯ್ತು. ಕಲ್ಲಿಗೆ ಇಷ್ಟು ಸಿಂಗಾರ ಮಾಡಿದಾರೆ ಅಂದ್ರೆ ಏನೋ ಮುಚ್ಚಿಡ್ತಿದಾರೆ ಅಂತ ಅನುಮಾನ ಬಂತು. ಅದಕ್ಕೇ ಇನ್ನೂ ಸಣ್ಣಗೆ ಅರೆದೆ."

ನನಗೆ ಆ ಗಾಬರಿಯಲ್ಲೂ ನಗು ಉಕ್ಕಿತು. ಕೆಮ್ಮಿದಂತೆ ಮಾಡಿ ಬಾಯಿ ಮುಚ್ಚಿಕೊಂಡೆ. ಅತ್ತೆ ಮಾಡಿದ್ದು ಅವರು ದಿನವೂ ಮಾಡುವ ಕೆಲಸ. ಪುಡಿಯನ್ನು ಗೋಪುರದಂತೆ ಗುಡ್ಡೆ ಹಾಕಿ, ನೆತ್ತಿಯಿಂದ ಒತ್ತಿ ಚಪ್ಪಟೆ ಮಾಡಿ, ಎರಡು ಗೆರೆ ಎಳೆದು ನಾಲ್ಕು ಪಾಲು ಮಾಡುವುದು. ಎದುರುಬದುರಿನ ಎರಡು ಪಾಲು ಎಸೆದು, ಉಳಿದ ಎರಡನ್ನು ಕಲಸಿ ಮತ್ತೆ ಗುಡ್ಡೆ. ಹೀಗೆ ಕಡಿಮೆಯಾಗುತ್ತ ಕೊನೆಗೆ ಅಂಗೈಯಷ್ಟು ಉಳಿದರೆ, ಅದರಲ್ಲಿ ಇಡೀ ಕಲ್ಲಿನ ಗುಣ ಇರುತ್ತದೆ. ಅದನ್ನು ಮೂರು ಕಂದು ಪೊಟ್ಟಣ ಮಾಡಿ ಅರಗು ಹಾಕುತ್ತಾರೆ. ಒಂದು ನಮಗೆ, ಒಂದು ಕಳಿಸಿದವರಿಗೆ, ಮೂರನೆಯದು ಜಗಳ ಬಂದರೆ ಇರಲಿ ಎಂದು.

"ಎಸೆದ ಪಾಲು ಎಲ್ಲಿದೆ?" ಎಂದ ಇಸ್ತ್ರಿ.

"ಹಿತ್ತಲ ಗುಡ್ಡೆಗೆ ಹಾಕಿದೆ."

ಆತ ಹಿತ್ತಲಿಗೆ ಹೋಗಿ ನೋಡಿದ. ಮೂವತ್ತೊಂದು ವರ್ಷದ ಕಲ್ಲುಪುಡಿ ಅಲ್ಲಿ ಆಳೆತ್ತರಕ್ಕೆ ನಿಂತಿತ್ತು. ಆತ ಅದರ ಬುಡದಲ್ಲಿ, ಪ್ಯಾಂಟಿನ ಗೆರೆಯನ್ನೂ ಮರೆತು, ತಲೆ ಮೇಲೆ ಕೈಹೊತ್ತು ಕೂತುಬಿಟ್ಟ. ಪಾಪ ಎನಿಸಿತು. ಅವನು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಅತ್ತೆ ಒಂದು ಹಿತ್ತಾಳೆ ತಗಡು ತಂದರು. ಪೆಟ್ಟಿಗೆಯ ತಳದಲ್ಲಿ ಚೀಲದೊಳಗೆ ಇದ್ದದ್ದಂತೆ. ಸುತ್ತುಕಾಗದದ ಜೊತೆ ಎತ್ತಿಟ್ಟಿದ್ದರು. ಅದರ ಮೇಲೆ ಎರಡು ಭಾಷೆಯಲ್ಲಿ ಕೆತ್ತಿತ್ತು: 'ಸ್ನೇಹದ ಮೊದಲ ಕಲ್ಲು. ಮ್ಯಾಂಗನೀಸ್ ಶೇಕಡಾ ಐವತ್ತೆರಡು.'

ನಾನು ನನ್ನ ಮೇಜಿಗೆ ಹೋಗಿ ಕೆಲಸ ಮುಗಿಸಿದೆ. ಬ್ಯುರೆಟ್ಟಿನ ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ಬಿಡುವಾಗ ದ್ರಾವಣ ತಿಳಿಗುಲಾಬಿಗೆ ತಿರುಗಿ ಹಾಗೇ ನಿಲ್ಲುವ ಒಂದು ಹನಿ ಇರುತ್ತದೆ. ಅದೇ ಲೆಕ್ಕ. ನಲವತ್ತೆಂಟು ಪಾಯಿಂಟ್ ಆರು ಬಂತು. ಮತ್ತೆ ಮಾಡಿದೆ. ಅದೇ. ಮೂರನೆಯ ಸಲವೂ ಅದೇ.

"ಐವತ್ತೆರಡು ಅಂತ ಬರೆದುಬಿಡಿ ಮೇಡಂ," ಎಂದ ಇಸ್ತ್ರಿ. ಆತ ಗದರಲಿಲ್ಲ, ಬೇಡಿದ. "ಕಲ್ಲು ಪುಡಿ ಮಾಡಿದ್ದು ಒಂದು ತಪ್ಪು. ಅದರ ಮೇಲೆ ನಿಮ್ಮ ಕಲ್ಲು ನೀವು ಹೇಳಿದಷ್ಟು ಒಳ್ಳೇದಲ್ಲ ಅಂತ ಬೇರೆ ಹೇಳ್ತೀರಾ? ಒಂಬತ್ತನೇ ಕಲಮು ಇವತ್ತೇ ಸತ್ತು ಹೋಗುತ್ತೆ. ನಿಮ್ಮ ಕೆಲಸವೇ ಹೋಗೋದು, ನನ್ನದಲ್ಲ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ನಾನು ಪೆನ್ನು ಹಿಡಿದುಕೊಂಡು ಕೂತೆ. ಒಂದು ಅಂಕೆ ಬದಲಿಸಿದರೆ ಹನ್ನೊಂದು ಮನೆಗಳ ಒಲೆ ಉರಿಯುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಅತ್ತೆ ನನ್ನ ಹಿಂದೆ ನಿಂತಿದ್ದರು. ಬೈದಿದ್ದರೆ ವಾಸಿಯಿತ್ತು.

"ಅತ್ತೆ, ಏನಾದ್ರೂ ಹೇಳಿ."

"ಕಲ್ಲು ಒಡೆಯೋದು ನನ್ನ ಕೆಲಸ ಕಣಮ್ಮ. ಸಹಿ ನಿಂದು."

ನಲವತ್ತೆಂಟು ಪಾಯಿಂಟ್ ಆರು ಎಂದು ಬರೆದು ಸಹಿ ಹಾಕಿದೆ. ಅತ್ತೆ ಅದನ್ನು ಓದಿ, "ಸರಿ, ಊಟ ಮಾಡು ಹೋಗು" ಎಂದರು.

ಮರುದಿನ ಬೆಳಗ್ಗೆ ನಮ್ಮ ಮಂತ್ರಿಗಳ ಜೊತೆ ಅತಿಥಿಗಳು ಬಂದರು. ಅವರ ಮಂತ್ರಿ ಬಾಗಿಲಿಗೆ ಅಡ್ಡಲಾಗಿ ಬರಬೇಕಾದಷ್ಟು ದೊಡ್ಡ ಆಳು. ಜೊತೆಗೆ ದುಭಾಷಿ, ಕೋಟಿನ ಹತ್ತು ಜನ, ಎಲ್ಲರ ಹಿಂದೆ ಬೂದು ಕೋಟು ತೊಟ್ಟ ಒಬ್ಬ ಸಣಕಲು ಹೆಂಗಸು. ಕಪಾಟಿನ ಒಂದು ಖಾನೆ ಖಾಲಿ. ಇನ್ನೊಂದರಲ್ಲಿ ನಮ್ಮ ಮಂತ್ರಿಗಳು ಅವರಿಗೆ ಕೊಡಲಿದ್ದ ಉಡುಗೊರೆ: ಮಿರಮಿರ ಮಿಂಚುವ ಕಬ್ಬಿಣದ ಅದಿರಿನ ಗಟ್ಟಿ, ಕೆಳಗೆ ಬೆಳ್ಳಿ ತಗಡು, 'ಶೇಕಡಾ ಅರವತ್ತೆಂಟು.' ಆ ತಗಡಿನ ಅಂಕೆಯನ್ನು ಯಾರೂ ನನ್ನನ್ನು ಕೇಳಿ ಬರೆಸಿರಲಿಲ್ಲ.

ಇಸ್ತ್ರಿ ಕಲ್ಲು ಬರುವುದು ತಡವಾಗಿದೆ ಎಂದು ಏನೋ ಕಥೆ ಕಟ್ಟಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದೆ ಹೋದರು. ಚಹಾ ತರುವ ತಟ್ಟೆಯಲ್ಲಿ ಹಿತ್ತಾಳೆ ತಗಡು, ಒಡೆದ ಅರಗಿನ ಒಂದು ಪೊಟ್ಟಣ, ಇನ್ನೂ ಅರಗು ಒಡೆಯದ ಎರಡು ಪೊಟ್ಟಣ, ಮೇಲೆ ನನ್ನ ವರದಿ.

"ಸ್ವಾಮಿ, ನೀವು ಪ್ರೀತಿಯಿಂದ ಕಳಿಸಿದ ಕಲ್ಲು ಇದು. ಮಾದರಿ ಅಂತ ಚೀಟಿ ಇತ್ತು, ನಾನು ಪುಡಿ ಮಾಡಿದೆ. ತಪ್ಪು ನಂದು, ಇವರ್ಯಾರದೂ ಅಲ್ಲ. ನಿಮ್ಮ ಪಾಲಿನ ಪೊಟ್ಟಣ ಇದರಲ್ಲಿದೆ. ಪರೀಕ್ಷೆ ಮಾತ್ರ ಸರಿಯಾಗಿ ಮಾಡಿದೀವಿ."

ದುಭಾಷಿ ಎರಡು ಸಲ ಉಗುಳು ನುಂಗಿ ಅಷ್ಟನ್ನೂ ಹೇಳಿದ. ದೊಡ್ಡ ಮಂತ್ರಿ ಪೊಟ್ಟಣ ನೋಡಿದರು, ವರದಿ ನೋಡಿದರು, ತಗಡು ನೋಡಿದರು. ಮುಖ ಕೆಂಪಾಯಿತು.

ಆಗ ಹಿಂದಿನಿಂದ ನಗು ಕೇಳಿಸಿತು. ಬೂದು ಕೋಟಿನ ಹೆಂಗಸು. ಮೊದಲು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು, ಆಮೇಲೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೋಟುಗಳನ್ನೆಲ್ಲ ಸರಿಸಿಕೊಂಡು ಮುಂದೆ ಬಂದು, ಚೀಲದಿಂದ ಅಂಚು ಸವೆದ ಒಂದು ಪುಟ್ಟ ಪುಸ್ತಕ ತೆಗೆದು, ಒಂದು ಹಾಳೆ ಬಿಡಿಸಿ ನನ್ನ ವರದಿಯ ಪಕ್ಕ ಇಟ್ಟಳು. ಅವಳ ಭಾಷೆ ನನಗೆ ಬಾರದು. ಅಂಕೆ ಓದಲು ಭಾಷೆ ಬೇಕಿರಲಿಲ್ಲ. 48.6.

ದುಭಾಷಿ ಬಿಡಿಸಿ ಹೇಳಿದ. ಆಕೆ ಅವರ ಕಡೆಯ ಪರೀಕ್ಷಕಿ. ಕಲ್ಲು ಹೊರಡುವ ಮೊದಲು ಅದರ ಮೂಲೆಯಿಂದ ಚೂರು ತೆಗೆದು ನೋಡಿದ್ದಳು. ಆದರೆ ತಗಡು ಕೆತ್ತಿಸುವವರು ಐವತ್ತೆರಡು ಎಂದರೆ ಗತ್ತಾಗಿರುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದ್ದರು.

"ಮೂರು ವಾರದಿಂದ ನಿದ್ದೆ ಬಂದಿಲ್ಲವಂತೆ," ಎಂದ ದುಭಾಷಿ. "ಇಲ್ಲಿಯವರೂ ತಗಡು ನೋಡಿ ಹಾಗೇ ಬರೆದುಬಿಟ್ಟರೆ ಇನ್ನು ಯಾರನ್ನ ನಂಬೋದು ಅಂತ ಯೋಚನೆ ಆಗಿತ್ತಂತೆ."

ನಾನು ಆ ಎರಡು ಕಾಗದ ನೋಡುತ್ತ ನಿಂತುಬಿಟ್ಟೆ. ಎರಡು ಸಮುದ್ರದ ಆಚೆ, ನಾನು ಮುಖ ನೋಡಿರದ ಒಬ್ಬಳು, ನನ್ನ ಹಾಗೇ ಉಸಿರು ಬಿಗಿಹಿಡಿದು, ಅದೇ ಗುಲಾಬಿ ಹನಿಗೆ ಕಾದಿದ್ದಳು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಗಂಡನಿಗೆ ಇದನ್ನು ಹೇಳಿದ್ದೇನೆ, ಅವರು ಬೇಜಾರು ಮಾಡಿಕೊಂಡಿಲ್ಲ.

ದೊಡ್ಡ ಮಂತ್ರಿಯ ಮುಖ ಒಂದು ಗಳಿಗೆ ಹುಳ್ಳಗಾಯಿತು. ಆಮೇಲೆ ಅವರೂ ನಕ್ಕರು. ಕಪಾಟಿನ ಗಾಜು ಅದುರುವಂಥ ನಗು. ನಮ್ಮ ಮಂತ್ರಿಗಳೂ ಧಾರಾಳವಾಗಿ ನಗಲು ಶುರುಮಾಡಿದರು. ಆಗ ಬೂದು ಕೋಟಿನಾಕೆ ನಮ್ಮ ಕಬ್ಬಿಣದ ಗಟ್ಟಿಯ ಕಡೆ ಬೆರಳು ತೋರಿಸಿ, ಅತ್ತೆಯ ಮುಖ ನೋಡಿ, ಹುಬ್ಬು ಮೇಲೆತ್ತಿದಳು.

ನಮ್ಮ ಮಂತ್ರಿಗಳ ನಗು ಅಲ್ಲಿಗೇ ನಿಂತಿತು. ಇಸ್ತ್ರಿ ಗೋಡೆಗೆ ಒರಗಿದ.

"ಬಾರಮ್ಮ," ಎಂದರು ಅತ್ತೆ, ಗಟ್ಟಿಯನ್ನು ಕಪಾಟಿನಿಂದ ಎತ್ತಿ ಸೊಂಟದ ಮೇಲಿಟ್ಟುಕೊಂಡು. ದುಭಾಷಿಗೂ ಕಾಯಲಿಲ್ಲ.

ಕ್ರಷರ್ ಗರಗರ ಎಂದಿತು. ಇಬ್ಬರು ಮಂತ್ರಿಗಳು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತರು. ಪುಡಿ ಗುಡ್ಡೆಯಾಯಿತು, ಚಪ್ಪಟೆಯಾಯಿತು, ಅತ್ತೆ ಒಂದು ಗೆರೆ ಎಳೆದರು. ಎರಡನೆಯ ಗೆರೆಯನ್ನು ಬೂದು ಕೋಟಿನಾಕೆ ಎಳೆದಳು. ಯಾರೂ ಯಾರಿಗೂ ಹೇಳದೆ, ಎದುರುಬದುರಿನ ಎರಡು ಪಾಲನ್ನು ಒಬ್ಬೊಬ್ಬರು ಒಂದೊಂದು ತಳ್ಳಿದರು. ನೋಡಿದರೆ ವರ್ಷಗಟ್ಟಲೆ ಒಂದೇ ಅಡುಗೆಮನೆಯಲ್ಲಿ ದುಡಿದ ಓರಗಿತ್ತಿಯರು ಎನ್ನಬೇಕು. ಬೂದು ಕೋಟು ಕೆಂಪಾಯಿತು. ಇಸ್ತ್ರಿಯ ಬಿಳಿ ಅಂಗಿಯೂ ಕೆಂಪಾಯಿತು, ಆತ ಯಾಕೋ ಜರಡಿ ಹಿಡಿದುಕೊಂಡು ನಿಂತಿದ್ದ.

ಸಂಜೆಯ ಚಹಾದ ಹೊತ್ತಿಗೆ ಉತ್ತರ ಬಂತು. ನನ್ನ ಮೇಜಿನಲ್ಲಿ ನನ್ನದು ಅರವತ್ತೈದು ಪಾಯಿಂಟ್ ಮೂರು, ನನ್ನ ಬ್ಯುರೆಟ್ಟಿನಲ್ಲಿ ಅವಳದೂ ಅಷ್ಟೇ. ಒಂದೇ ಕಾಗದದಲ್ಲಿ ಇಬ್ಬರೂ ಸಹಿ ಹಾಕಿದೆವು. ಒಂಬತ್ತನೆಯ ಕಲಮನ್ನು ಮಂತ್ರಿಗಳು ಅಲ್ಲೇ, ನನ್ನ ಮೇಜಿನ ಮೇಲೆ, ಆಮ್ಲದ ಕಲೆಗಳ ನಡುವೆ ಬರೆಸಿದರು. ಅವರ ಅದಿರನ್ನು ನಾವೂ ನೋಡುವುದು, ನಮ್ಮದನ್ನು ಅವರೂ ನೋಡುವುದು, ಪೊಟ್ಟಣಗಳು ಮೂರು. ಪರೀಕ್ಷಾಲಯ ಉಳಿಯಿತು. ತಗಡುಗಳು ಯಾರಿಗೂ ಬೇಡವಾದವು. ಕಪಾಟಿನಲ್ಲಿ ಈಗ ಎರಡು ಕಂದು ಪೊಟ್ಟಣಗಳಿವೆ, ಒಂದು ಕಪ್ಪು ಪುಡಿಯದು, ಒಂದು ಕೆಂಪು ಪುಡಿಯದು, ನೀಲಿ ಮಖಮಲ್ಲಿನ ಮೇಲೆ.

ಹೊರಡುವಾಗ ಬೂದು ಕೋಟಿನಾಕೆ ನನ್ನ ಎರಡೂ ಕೈ ಹಿಡಿದುಕೊಂಡು, ಅತ್ತೆಯ ಕಡೆ ತಿರುಗಿ ಏನೋ ಕೇಳಿದಳು.

"ಇವರು ನಿಮ್ಮ ಮಗಳಾ ಅಂತ ಕೇಳ್ತಿದಾರೆ," ಎಂದ ದುಭಾಷಿ.

ಅತ್ತೆ ಸೆರಗಿನಿಂದ ಮುಖದ ಕೆಂಧೂಳು ಒರೆಸಿಕೊಂಡರು. ಮೂವತ್ತೊಂದು ವರ್ಷದಲ್ಲಿ ಅವರು ಯಾವ ಕಲ್ಲನ್ನೂ ಹೊಗಳಿದ್ದಿಲ್ಲ, ಹನ್ನೆರಡು ವರ್ಷದಲ್ಲಿ ನನ್ನನ್ನೂ.

"ಮಗಳಲ್ಲ ಅಂತ ಹೇಳಪ್ಪ. ಮಗಳಾದ್ರೆ ತಾನಾಗೇ ಹುಟ್ಟಿ ಬರ್ತಾಳೆ. ಇವಳನ್ನ ನಾನು ಪರೀಕ್ಷೆ ಮಾಡಿ ತಂದಿದ್ದು."