ಹೊರಗೆ ಮುಖ ಮಾಡಿದ ಚಪ್ಪಲಿ

"ಕೈಯೇನೂ ಮುರೀಲಿಲ್ಲ ತಾನೇ? ನಾಲ್ಕು ಬೆರಳಿನ ಗುರುತಿಗೆ ಇಷ್ಟು ರಂಪಾನಾ? ಹೆದರಿಕೆ ಆದ್ರೆ ಮನೇಲಿ ಮುಸುರೆ ತಿಕ್ಕೊಂಡು ಬಿದ್ದಿರು!"

ಮಗಳ ಜಡೆಯ ಒಂದು ಎಳೆ ನರ್ಸಮ್ಮನ ಬೆರಳಿನಿಂದ ಜಾರಿತು. ಕೈ ಬಿಡುವಿಲ್ಲದ್ದರಿಂದ ಫೋನಿನ ಸ್ಪೀಕರ್ ಹಾಕಿ ಕಿಟಕಿಯ ಮೇಲಿಟ್ಟಿದ್ದಳು. ಮೇಲಧಿಕಾರಿಯ ದನಿ ಅಡುಗೆಮನೆಯನ್ನೆಲ್ಲ ತುಂಬಿತ್ತು.

ಮನಸ್ಸಿನ ಕಾಯಿಲೆಯವರ ಮನೆಗೇ ಹೋಗಿ ಇಂಜೆಕ್ಷನ್ ಕೊಡುವುದು ಅವಳ ಕೆಲಸ. ಹೋದ ವಾರ ಬಡಗಿಯೊಬ್ಬ, "ಸೂಜೀಲಿ ವಿಷ ತಂದಿದೀಯ," ಎಂದು ಅವಳ ಮಣಿಕಟ್ಟು ಹಿಡಿದುಬಿಟ್ಟ. ಅವನ ತಾಯಿ ಅಳುತ್ತ ಒಂದೊಂದೇ ಬೆರಳು ಬಿಡಿಸಿದ್ದಳು. ಬೆರಳಿನ ನೀಲಿ ಗುರುತು ಇನ್ನೂ ಮಾಸಿರಲಿಲ್ಲ.

"ಸಾರ್, ಮೊದಲು ಅಕ್ಕಾ ಅಂತ ಸ್ಟೂಲು ಒರೆಸಿ ಕೊಡ್ತಿದ್ದ. ಈಗ ನಿದ್ದೆ ಬಿಟ್ಟಿದಾನೆ. ಬಾಗಿಲಿಗೆ ಒಳಗಡೆಯಿಂದ ಇನ್ನೊಂದು ಚಿಲಕ ಹೊಡೆದಿದಾನೆ. ಜೊತೆಗೊಬ್ಬರನ್ನ ಕಳಿಸಿ, ಸಾಕು."

"ಅಪಾಯ ಏನಿಲ್ಲ ಅಂತ ನಾನು ಮೇಲಿನವರಿಗೆ ಹೇಳಿ ಆಯ್ತು. ಹುಚ್ಚನ ಮನೆಗೆ ಹೋಗೋಕೆ ನಿಂಗೆ ಮೆರವಣಿಗೆ ಬೇಕಾ?"

"ಅವನಿಗಿರೋದು ಕಾಯಿಲೆ. ನಿಮಗಿರೋದೇನು ಸಾರ್?"

"ಬಾಯಿ ಮುಚ್ಚೇ, ಲೌಡಿ! ಬಿಸಿಲೇರೋದ್ರೊಳಗೆ ಅಲ್ಲಿರು. ಇಲ್ಲಾಂದ್ರೆ ನಾಳೆಯಿಂದ ಬರಲೇಬೇಡ."

ಅವಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಪಕ್ಕದ ಮನೆಯ ನಲ್ಲಿ ಸುರಿಯುವ ಸದ್ದಿನ ಹಾಗೆ ಬೈಗುಳ ಕೇಳಿಸುತ್ತಿತ್ತು. ಜಾರಿದ ಎಳೆಯನ್ನು ಹುಡುಕಿ ಹೆಣೆದು, ರಿಬ್ಬನ್ ಕಟ್ಟಿದಳು.

ಮಗಳು ಎದ್ದು ಬಾಗಿಲಿಗೆ ಹೋದಳು. ಅಮ್ಮನ ಚಪ್ಪಲಿಯನ್ನು ತಿರುಗಿಸಿ, ತುದಿ ಬೀದಿಯ ಕಡೆಗೆ ಬರುವಂತೆ ಜೋಡಿಸಿಟ್ಟಳು.

"ಯಾರೇ ಹೇಳ್ಕೊಟ್ಟಿದ್ದು?"

"ರಜೇಲಿ ಕರ್ಕೊಂಡು ಹೋಗಿದ್ಯಲ್ಲ, ಎಲ್ಲಾರ ಮನೇಲೂ ನೀನು ಹಿಂಗೇ ಬಿಡ್ತಿದ್ದೆ. ಬೇಗ ಓಡೋಕೆ ಅಲ್ವಾ?"

ನರ್ಸಮ್ಮ ಇದನ್ನು ಯಾರಿಗೂ ಹೇಳಿರಲಿಲ್ಲ. ಓಡುವಾಗ ಚಪ್ಪಲಿ ತಿರುಗಿಸಲು ಪುರುಸೊತ್ತಿರುವುದಿಲ್ಲ.

ಮಗಳ ತುಟಿ ಅಲುಗಿ ಸುಮ್ಮನಾಯಿತು. ಮಣಿಕಟ್ಟಿನ ನೀಲಿ ಕಂಡಾಗಿನಿಂದ ಹಾಗೇ. ಏನೋ ಕೇಳಲು ಬಾಯಿ ತೆರೆಯುವುದು, ನುಂಗಿಕೊಳ್ಳುವುದು.

"ಎಲ್ಲಿ ಸತ್ಯೇ? ಹೊರಟ್ಯಾ ಇಲ್ವಾ?" ಫೋನು ಕೂಗಿತು.

ನರ್ಸಮ್ಮ ಅದನ್ನು ಕಿಟಕಿಯಿಂದ ತಂದು ಮಗಳ ಬಾಯಿಯ ಹತ್ತಿರ ಹಿಡಿದಳು.

"ನುಂಗ್ಬೇಡ ಕಂದಾ. ಜೋರಾಗಿ ಕೇಳು. ಅವರಿಗೂ ಕೇಳಿಸ್ಲಿ."

ಮಗಳು ಫೋನು ನೋಡಲಿಲ್ಲ. ಚಪ್ಪಲಿಯನ್ನೇ ನೋಡುತ್ತ ಕೇಳಿದಳು.

"ಆ ಮಾವ ಚಿಲಕ ಹಾಕ್ಬಿಟ್ರೆ ಹೆಂಗೆ ಓಡ್ತೀಯಮ್ಮಾ?"